ಮೆಟ್ಟಿಲು ತೆರೆದಿರಲಿ, ಬಾಗಿಲು ಮುಚ್ಚಿರಲಿ



ಈ ಸಲ ಒಂದು ಸುಲಭವಾದ ಪ್ರಶ್ನೆಯಿಂದ ಆರಂಭಿಸೋಣ. ನಿಮ್ಮ ಮನೆಯಿಂದ ಹೊರಗೆ ಹೋಗಲು ಎಷ್ಟು ದಾರಿಗಳಿವೆ? ನೀವು ಮುಂಬಯಿಯ ಚಾಳಿನಲ್ಲಿರಿ, ಪುಣೆಯ ಹೊಸ ಸೊಸೈಟಿಯಲ್ಲಿರಿ, ದೆಹಲಿಯ ಫ್ಲಾಟಿನಲ್ಲಿರಿ, ಉತ್ತರ ಬಹುಪಾಲು ಒಂದೇ. ಒಂದು ಬಾಗಿಲು, ಅದರಾಚೆ ಒಂದು ಮೆಟ್ಟಿಲು. ಲಿಫ್ಟನ್ನು ಲೆಕ್ಕಕ್ಕೆ ಹಿಡಿಯಬೇಡಿ. ಏಕೆಂಬುದನ್ನು ಮುಂದೆ ನೋಡೋಣ.

ಈಗ ನಿಮ್ಮ ತಂದೆಯೋ ತಾಯಿಯೋ ಹುಟ್ಟಿ ಬೆಳೆದ ಊರಿನ ಮನೆಯನ್ನು ನೆನಪಿಗೆ ತಂದುಕೊಳ್ಳಿ. ಬೇಸಿಗೆ ರಜೆಯಲ್ಲಿ ಒಮ್ಮೆಯಾದರೂ ಹೋಗಿ ಬಂದಿರುತ್ತೀರಿ. ಮುಂದೆ ಜಗಲಿ, ಹಿಂದೆ ಹಿತ್ತಿಲ ಬಾಗಿಲು, ಪಕ್ಕದಲ್ಲಿ ಕೊಟ್ಟಿಗೆಯ ಕಡೆಗೆ ಇನ್ನೊಂದು ಬಾಗಿಲು, ಮೇಲೆ ಹೆಂಚಿನ ಮಾಡು. ಅಡುಗೆಮನೆಯಲ್ಲಿ ಬೆಂಕಿ ಎದ್ದರೂ ನಾಲ್ಕು ಹೆಜ್ಜೆ ಇಟ್ಟರೆ ಅಂಗಳ. ಹೊಗೆ ಹೆಂಚಿನ ಸಂದಿಯಿಂದ ತಾನಾಗಿ ಹೊರಟುಹೋಗುತ್ತದೆ. ಅಂಥ ಮನೆಯಲ್ಲಿ ಬೆಳೆದವರಿಗೆ ಬೆಂಕಿ ಎಂದರೆ ಕಣ್ಣಿಗೆ ಕಾಣುವ ಜ್ವಾಲೆ, ಕೊಡದಿಂದ ನೀರು ಸುರಿದರೆ ಆರುವಂಥದ್ದು. ಬೆಂಕಿ ಬಿದ್ದಾಗ ಬಾವಿ ತೋಡಿದಂತೆ ಎಂಬ ನಮ್ಮ ಗಾದೆಯೂ ನೀರಿನ ಮಾತನ್ನೇ ಆಡುತ್ತದೆ.

ಆರನೆಯ ಮಹಡಿಯ ಕಾಂಕ್ರೀಟ್ ಮನೆಯಲ್ಲಿ ಬೆಂಕಿಯ ಸ್ವಭಾವವೇ ಬೇರೆ. ಇಲ್ಲಿ ಜ್ವಾಲೆಗಿಂತ ಮೊದಲು ಬರುವುದು ಹೊಗೆ, ಜ್ವಾಲೆಗಿಂತ ಹೆಚ್ಚು ಜನರನ್ನು ಕೊಲ್ಲುವುದೂ ಹೊಗೆ. ಊರಿನ ಮನೆಯ ತಿಳಿವಳಿಕೆ ಇಲ್ಲಿಗೆ ಸಾಲದು. ಹಿರಿಯರು ಈ ಪಾಠವನ್ನು ನಮಗೆ ಹೇಳಿಕೊಡಲಿಲ್ಲವೆಂದು ದೂರಬೇಕಾಗಿಲ್ಲ. ಅವರು ಬೆಳೆದ ಮನೆಗೆ ಅದು ಬೇಕಿರಲಿಲ್ಲ. ಮಹಡಿಯ ಮನೆಯಲ್ಲಿಯೇ ಕಣ್ಣು ತೆರೆದವರು ನೀವು. ಆದುದರಿಂದ ಇದು ನೀವು ಮೊದಲು ಕಲಿತು, ಅನಂತರ ಮನೆಯ ಹಿರಿಯರಿಗೆ ಕಲಿಸಬೇಕಾದ ಪಾಠ.

ಹೊಗೆ ಏಕೆ ಇಷ್ಟು ಅಪಾಯಕರ ಎಂಬುದನ್ನು ಮೊದಲು ತಿಳಿಯೋಣ. ನಮ್ಮ ಮನೆಗಳಲ್ಲಿ ಇಂದು ಮರಕ್ಕಿಂತ ಪ್ಲಾಸ್ಟಿಕ್ಕೇ ಹೆಚ್ಚು. ಸೋಫಾದೊಳಗಿನ ಫೋಮ್, ಪಾಲಿಯೆಸ್ಟರ್ ಪರದೆ, ಟೀವಿ, ಫ್ರಿಜ್, ವೈರಿನ ಮೇಲಿನ ಹೊದಿಕೆ, ಇವೆಲ್ಲ ಉರಿದಾಗ ದಟ್ಟವಾದ ಕಪ್ಪು ಹೊಗೆ ಹೊರಡುತ್ತದೆ. ಅದರಲ್ಲಿ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲ ಸೇರಿರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯೂ ಇಲ್ಲ. ರಕ್ತದಲ್ಲಿರುವ ಹಿಮೊಗ್ಲೋಬಿನ್ ಆಮ್ಲಜನಕವನ್ನು ಹಿಡಿದುಕೊಳ್ಳುವುದಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಈ ಅನಿಲವನ್ನು ಹಿಡಿದುಕೊಳ್ಳುತ್ತದೆ. ಮೆದುಳಿಗೆ ಆಮ್ಲಜನಕ ತಲಪುವುದಿಲ್ಲ. ಮೊದಲು ತಲೆ ಸುತ್ತು, ಆಮೇಲೆ ಕಾಲಿನ ಬಲ ಕುಸಿಯುವುದು, ಆಮೇಲೆ ಮಂಪರು. ನಿದ್ರೆಯಲ್ಲಿದ್ದವರು ಎಚ್ಚರಗೊಳ್ಳದೆಯೇ ಸಾಯುವುದುಂಟು.

ಇನ್ನೊಂದು ಸಂಗತಿ. ಬಿಸಿ ಹೊಗೆ ಮೇಲಕ್ಕೆ ಏರುತ್ತದೆ. ಕೋಣೆಯಲ್ಲಾದರೆ ಮೊದಲು ಸೂರನ್ನು ಮುಟ್ಟಿ, ಅಲ್ಲಿಂದ ಪದರ ಪದರವಾಗಿ ಕೆಳಗಿಳಿಯುತ್ತದೆ. ಆದ್ದರಿಂದಲೇ ಹೊಗೆ ತುಂಬಿದ ಕೋಣೆಯಲ್ಲಿ ಉಸಿರಾಡಬಹುದಾದ ಗಾಳಿ ಸ್ವಲ್ಪವಾದರೂ ಉಳಿದಿದ್ದರೆ ಅದು ನೆಲದ ಹತ್ತಿರ. ಕಟ್ಟಡದಲ್ಲಾದರೆ ಹೊಗೆಗೆ ಮೇಲೇರಲು ಸಿಗುವ ಅತಿ ಸುಲಭವಾದ ದಾರಿ ಯಾವುದು? ಮೆಟ್ಟಿಲು, ಲಿಫ್ಟಿನ ಬಾವಿ, ವಿದ್ಯುತ್ ತಂತಿಗಳು ಹಾದುಹೋಗುವ ಕಂಡಿ. ನಮ್ಮ ಎಷ್ಟೋ ಕಟ್ಟಡಗಳಲ್ಲಿ ವಿದ್ಯುತ್ ಮೀಟರುಗಳ ಪೆಟ್ಟಿಗೆ ಮೆಟ್ಟಿಲಿನ ಬುಡದಲ್ಲಿಯೇ ಇರುತ್ತದೆ. ಅಲ್ಲಿ ಕಿಡಿ ಹೊತ್ತಿಕೊಂಡರೆ ಮೆಟ್ಟಿಲು ಚಿಮಣಿಯಾಗುತ್ತದೆ. ನಾವು ಇಳಿಯಬೇಕಾದ ದಾರಿಯಲ್ಲಿಯೇ ಹೊಗೆ ಏರಿ ಬರುತ್ತದೆ. ಮಹಡಿಯ ಮನೆಯ ಸಂಕಟವೆಲ್ಲ ಈ ಒಂದು ಮಾತಿನಲ್ಲಿದೆ.

ದೆಹಲಿಯ ಓದುಗರಿಗೆ ಗ್ರೀನ್ ಪಾರ್ಕಿನ ಉಪಹಾರ್ ಚಿತ್ರಮಂದಿರದ ಹೆಸರು ಗೊತ್ತಿರುತ್ತದೆ. ಉಳಿದವರು ಮನೆಯ ಹಿರಿಯರನ್ನು ಕೇಳಿರಿ. 1997ರ ಜೂನ್ 13, ಶುಕ್ರವಾರ. 'ಬಾರ್ಡರ್' ಚಿತ್ರದ ಮಧ್ಯಾಹ್ನದ ಆಟ ನಡೆದಿತ್ತು. ಕೆಳಗಿನ ಅಂತಸ್ತಿನಲ್ಲಿ ವಾಹನ ನಿಲ್ಲಿಸುವ ಜಾಗದ ಪಕ್ಕದಲ್ಲಿದ್ದ ಟ್ರಾನ್ಸ್‌ಫಾರ್ಮರಿನಲ್ಲಿ ಅದೇ ಬೆಳಿಗ್ಗೆ ಒಮ್ಮೆ ಬೆಂಕಿ ಕಾಣಿಸಿಕೊಂಡು, ಅರೆಬರೆ ರಿಪೇರಿಯಾಗಿತ್ತು. ಸಂಜೆ ಐದು ಗಂಟೆಯ ಸುಮಾರಿಗೆ ಮತ್ತೆ ಕಿಡಿ ಹಾರಿತು. ಟ್ರಾನ್ಸ್‌ಫಾರ್ಮರಿನ ಎಣ್ಣೆ ಸೋರಿ ಹತ್ತಿಕೊಂಡಿತು, ನಿಂತಿದ್ದ ಕಾರುಗಳು ಹೊತ್ತಿ ಉರಿದವು. ಹೊಗೆ ಮೆಟ್ಟಿಲಿನ ಮೂಲಕ ಮೇಲೇರಿ ಬಾಲ್ಕನಿಯನ್ನು ತುಂಬಿತು. ಕೆಳಗಿನ ಸಭಾಂಗಣದಲ್ಲಿದ್ದವರು ಹೆಚ್ಚಿನವರು ಹೊರಗೆ ಬಂದರು. ಬಾಲ್ಕನಿಯಲ್ಲಿದ್ದವರಿಗೆ ಆಗಲಿಲ್ಲ. 59 ಮಂದಿ ತೀರಿಕೊಂಡರು, ನೂರಕ್ಕೂ ಮಿಕ್ಕಿ ಜನ ಗಾಯಗೊಂಡರು.

ಆ 59 ಮಂದಿ ಸುಟ್ಟು ಸತ್ತವರಲ್ಲ, ಉಸಿರುಕಟ್ಟಿ ಸತ್ತವರು. ಬಾಲ್ಕನಿಯ ಬಲಬದಿಯ ಹೊರದಾರಿ ಹೆಚ್ಚುವರಿ ಆಸನಗಳಿಂದಾಗಿ ಮುಚ್ಚಿಹೋಗಿತ್ತು. ನಡುವಿನ ಹಾದಿಯೂ ಕಿರಿದಾಗಿತ್ತು. ದೀಪ ಆರಿತ್ತು. ಬೆಂಕಿ ಬಿದ್ದಿದೆ, ಹೊರಗೆ ಹೋಗಿರಿ ಎಂದು ಯಾರೂ ಘೋಷಿಸಲಿಲ್ಲ. ಕೆಲವೇ ಹೆಚ್ಚು ಟಿಕೆಟುಗಳಿಗಾಗಿ ಹಾಕಿದ ಕೆಲವೇ ಕುರ್ಚಿಗಳು! ಅಂದು ತಮ್ಮ ಇಬ್ಬರು ಮಕ್ಕಳನ್ನೂ ಕಳೆದುಕೊಂಡ ನೀಲಂ ಮತ್ತು ಶೇಖರ್ ಕೃಷ್ಣಮೂರ್ತಿ ದಂಪತಿ, ನೊಂದ ಇತರ ಕುಟುಂಬಗಳನ್ನು ಕೂಡಿಸಿಕೊಂಡು ಎರಡು ದಶಕಗಳಿಗೂ ಹೆಚ್ಚು ಕಾಲ ನ್ಯಾಯಾಲಯದ ಮೆಟ್ಟಿಲು ಹತ್ತಿ ಇಳಿದರು. ಆ ಮಕ್ಕಳ ವಯಸ್ಸು 17 ಮತ್ತು 13. ನಿಮ್ಮದೇ ವಯಸ್ಸು ಅಲ್ಲವೆ?

ಇದು ಹಳೆಯ ಕಥೆ ಎನ್ನುವಿರಾದರೆ ನಮ್ಮ ಬೆಂಗಳೂರಿನದನ್ನು ಕೇಳಿರಿ. 2010ರ ಫೆಬ್ರವರಿ 23ರಂದು ಹಳೆಯ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್‌ಟನ್ ಟವರ್ಸ್ ಎಂಬ ಕಚೇರಿ ಕಟ್ಟಡದಲ್ಲಿ ವಿದ್ಯುತ್ ತಂತಿಗಳ ಕಂಡಿಯಲ್ಲಿ ಬೆಂಕಿ ಎದ್ದಿತು. ಬೆಂಕಿ ದೊಡ್ಡದಲ್ಲ, ಹೊಗೆ ದೊಡ್ಡದು. ಮೇಲಿನ ಮಹಡಿಗಳಲ್ಲಿ ಸಿಕ್ಕಿಬಿದ್ದ ಕೆಲವರು ತಡೆಯಲಾರದೆ ಕಿಟಕಿಯಿಂದ ಧುಮುಕಿದರು. 9 ಮಂದಿ ಪ್ರಾಣ ಬಿಟ್ಟರು. ಅವರ ಬಂಧುಗಳು ಕೈಕಟ್ಟಿ ಕೂರದೆ 'ಬಿಯಾಂಡ್ ಕಾರ್ಲ್‌ಟನ್' ಎಂಬ ಸಂಘಟನೆ ಕಟ್ಟಿ ಅಗ್ನಿಸುರಕ್ಷತೆಯ ತಿಳಿವಳಿಕೆ ಹರಡುವ ಕೆಲಸಕ್ಕೆ ತೊಡಗಿದರು. 2017ರ ಡಿಸೆಂಬರ್ 29ರ ನಡುರಾತ್ರಿ ಕಳೆದು ಮುಂಬಯಿಯ ಕಮಲಾ ಮಿಲ್ಸ್ ಆವರಣದ ಮಾಳಿಗೆಯ ಉಪಾಹಾರಗೃಹದಲ್ಲಿ ಬೆಂಕಿ ಬಿದ್ದಾಗ 14 ಮಂದಿ ಸತ್ತರು. ಅವರಲ್ಲಿ ಹಲವರು ಹೊರದಾರಿ ಕಾಣದೆ ಶೌಚಾಲಯವನ್ನು ಹೊಕ್ಕು ಅಲ್ಲಿಯೇ ಉಸಿರುಕಟ್ಟಿದವರು. 2019ರ ಮೇ 24ರಂದು ಸೂರತ್ತಿನ ಒಂದು ಕಟ್ಟಡದ ತುದಿಯ ಮಹಡಿಯಲ್ಲಿ ನಡೆಯುತ್ತಿದ್ದ ಕೋಚಿಂಗ್ ತರಗತಿಗೆ ಇದ್ದದ್ದು ಮರದ ಒಂದೇ ಮೆಟ್ಟಿಲು. ಅದು ಸುಟ್ಟುಹೋಯಿತು. 22 ಎಳೆಯ ಜೀವಗಳು ಹೋದವು.

ನಾಲ್ಕು ಊರು, ನಾಲ್ಕು ಬಗೆಯ ಕಟ್ಟಡ. ಬೆಂಕಿಯ ಕಾರಣಗಳೂ ಬೇರೆ ಬೇರೆ. ಆದರೆ ಸಾವಿನ ಕಾರಣ ಹೆಚ್ಚುಕಡಿಮೆ ಒಂದೇ: ಹೊಗೆ ಬರುವುದಕ್ಕೆ ದಾರಿ ಇತ್ತು, ಜನ ಹೋಗುವುದಕ್ಕೆ ಇರಲಿಲ್ಲ. ಈ ಲೇಖನದಲ್ಲಿ ನೀವು ಉಳಿದುದೆಲ್ಲವನ್ನೂ ಮರೆತರೂ ಚಿಂತೆಯಿಲ್ಲ, ಎರಡು ಮಾತು ನೆನಪಿರಲಿ. ಮೆಟ್ಟಿಲು ತೆರೆದಿರಬೇಕು. ಬಾಗಿಲು ಮುಚ್ಚಿರಬೇಕು.

ಮೆಟ್ಟಿಲಿನ ಮಾತು ಮೊದಲು. ನಿಮ್ಮ ಕಟ್ಟಡದ ಮೆಟ್ಟಿಲಿನಲ್ಲಿ ಈಗ ಏನೇನಿದೆ? ಚಪ್ಪಲಿಯ ಗೂಡು, ಯಾರದೋ ಹಳೆಯ ಸೈಕಲ್ಲು, ತುಳಸಿಯ ಕುಂಡ, ಮುರಿದ ಕಪಾಟು, ರದ್ದಿ ಕಾಗದದ ಕಟ್ಟು, ಗಣೇಶೋತ್ಸವದ ಪೆಂಡಾಲಿನ ಬಿದಿರು. ಎಲ್ಲರಿಗೂ ಸೇರಿದ ಜಾಗ ಯಾರಿಗೂ ಸೇರಿದ್ದಲ್ಲ ಎಂಬ ಭಾವನೆ ನಮ್ಮದು. ಹಗಲು ಬೆಳಕಿನಲ್ಲಿ ಇವುಗಳನ್ನು ಬಳಸಿಕೊಂಡು ಹೋಗಬಹುದು. ದೀಪ ಆರಿ, ಕಣ್ಣು ಉರಿಯುವಾಗ, ಹಿಂದಿನಿಂದ ಇಪ್ಪತ್ತು ಜನ ನೂಕುವಾಗ ಒಂದು ಸೈಕಲ್ಲು ಸಾಕು. ಮೇಲಾಗಿ ಇವೆಲ್ಲ ಉರಿಯುವ ವಸ್ತುಗಳು. ಈಚೆಗೆ ಇನ್ನೊಂದು ಸೇರಿಕೊಂಡಿದೆ. ಬ್ಯಾಟರಿ ಸ್ಕೂಟರನ್ನು ಮೆಟ್ಟಿಲಿನ ಕೆಳಗೆ ನಿಲ್ಲಿಸಿ, ರಾತ್ರಿಯಿಡೀ ಚಾರ್ಜಿಗೆ ಹಾಕುವ ರೂಢಿ. ಲಿಥಿಯಂ ಬ್ಯಾಟರಿ ಕೆಟ್ಟು ಹೊತ್ತಿಕೊಂಡರೆ ಕ್ಷಣದಲ್ಲಿ ಉರಿಯುತ್ತದೆ, ಆರಿಸಿದರೂ ಮತ್ತೆ ಹೊತ್ತಿಕೊಳ್ಳಬಲ್ಲುದು, ವಿಷಕಾರಿ ಹೊಗೆಯನ್ನೂ ಉಗುಳುತ್ತದೆ. ಅದರ ಸ್ಥಳ ಮೆಟ್ಟಿಲಲ್ಲ, ತೆರೆದ ಆವರಣ.

ಇನ್ನು ಬಾಗಿಲು. ಮುಚ್ಚಿದ ಒಂದು ಗಟ್ಟಿ ಮರದ ಬಾಗಿಲು ಹೊಗೆಯನ್ನೂ ಶಾಖವನ್ನೂ ಬಹಳ ಹೊತ್ತು ತಡೆಯಬಲ್ಲುದು. ತೆರೆದ ಬಾಗಿಲು ಬೆಂಕಿಗೆ ಗಾಳಿಯನ್ನೂ ಹೊಗೆಗೆ ದಾರಿಯನ್ನೂ ಕೊಡುತ್ತದೆ. ದೊಡ್ಡ ಕಟ್ಟಡಗಳಲ್ಲಿ ಮೆಟ್ಟಿಲಿಗೆ ಹೋಗುವಲ್ಲಿ ತಾನಾಗಿ ಮುಚ್ಚಿಕೊಳ್ಳುವ ಭಾರವಾದ ಬಾಗಿಲು ನೋಡಿದ್ದೀರಲ್ಲವೆ? ಅದು ಅಗ್ನಿನಿರೋಧಕ ಬಾಗಿಲು. ಮೆಟ್ಟಿಲಿಗೆ ಹೊಗೆ ನುಗ್ಗದಂತೆ ಕಾಯುವ ಕಾವಲುಗಾರ. ಗಾಳಿ ಬರಲೆಂದು ಅದಕ್ಕೆ ಇಟ್ಟಿಗೆ ಅಡ್ಡ ಇಡುವುದು ಕಾವಲುಗಾರನ ಕೈಕಾಲು ಕಟ್ಟಿಹಾಕಿದಂತೆ. ಆದರೆ ಮುಚ್ಚಿರುವುದು ಬೇರೆ, ಬೀಗ ಹಾಕಿರುವುದು ಬೇರೆ. ಬಾಗಿಲು ಮುಚ್ಚಿರಲಿ, ಬೀಗ ಬೇಡ.

ಈಗ ಮುಖ್ಯವಾದ ಪ್ರಶ್ನೆ. ನಿಜವಾಗಿಯೂ ಬೆಂಕಿ ಬಿದ್ದರೆ ಏನು ಮಾಡಬೇಕು? ಎರಡು ಸಂದರ್ಭಗಳನ್ನು ಬೇರೆ ಬೇರೆಯಾಗಿ ಮನಸ್ಸಿನಲ್ಲಿಡಿ.

ಬೆಂಕಿ ನಿಮ್ಮ ಮನೆಯಲ್ಲಿಯೇ ಎದ್ದಿದೆ, ತಟ್ಟನೆ ಆರಿಸಲು ಆಗುತ್ತಿಲ್ಲ. ಆಗ ಎಲ್ಲರೂ ಕೂಡಲೇ ಹೊರಡಿ. ಒಡವೆ, ಸರ್ಟಿಫಿಕೇಟು, ಮೊಬೈಲಿನ ಚಾರ್ಜರು ಯಾವುದಕ್ಕೂ ಹಿಂದಿರುಗಬೇಡಿ. ಹೊಗೆಯಿದ್ದರೆ ಬಗ್ಗಿ ಅಥವಾ ಅಂಬೆಗಾಲಿಟ್ಟು ಸಾಗಿರಿ. ಕೊನೆಯವರು ಹೊರಬಂದ ಕೂಡಲೇ ಬಾಗಿಲನ್ನು ಎಳೆದು ಮುಚ್ಚಿ. ಇದೊಂದು ಕೆಲಸದಿಂದ ಮೇಲಿನ ಮಹಡಿಗಳವರಿಗೆ ಇಳಿಯಲು ಮೆಟ್ಟಿಲು ಉಳಿಯುತ್ತದೆ. ದಾರಿಯಲ್ಲಿ ಸಿಗುವ ಬಾಗಿಲುಗಳನ್ನು ಬಡಿದು ಎಚ್ಚರಿಸುತ್ತ ಮೆಟ್ಟಿಲಿನಿಂದ ಇಳಿಯಿರಿ. ಲಿಫ್ಟು ಬೇಡ. ವಿದ್ಯುತ್ತು ಹೋದರೆ ಅದು ಎರಡು ಮಹಡಿಗಳ ನಡುವೆ ನಿಂತುಬಿಡುತ್ತದೆ. ಅದರ ಬಾವಿಯೂ ಹೊಗೆಯ ಚಿಮಣಿಯೇ. ಕೆಳಗೆ ಬಂದ ಮೇಲೆ 101ಕ್ಕೆ ಅಥವಾ 112ಕ್ಕೆ ಫೋನ್ ಮಾಡಿ. ಕಟ್ಟಡದ ಹೆಸರು, ಬೀದಿ, ಹತ್ತಿರದ ಗುರುತು, ಎಷ್ಟನೆಯ ಮಹಡಿ, ಏನು ಉರಿಯುತ್ತಿದೆ, ಒಳಗೆ ಯಾರಾದರೂ ಇದ್ದಾರೆಯೇ, ಇಷ್ಟನ್ನು ಸಮಾಧಾನದಿಂದ ಹೇಳಿರಿ. ಅವರು ಸಾಕು ಎನ್ನುವವರೆಗೆ ಫೋನ್ ಇಡಬೇಡಿ.

ಎರಡನೆಯದು, ಬೆಂಕಿ ಬೇರೆಲ್ಲೋ ಬಿದ್ದಿದೆ. ಗಲಾಟೆ ಕೇಳುತ್ತಿದೆ. ಬಾಗಿಲನ್ನು ಸರಕ್ಕನೆ ತೆರೆಯಬೇಡಿ. ಕೈಯ ಹಿಂಭಾಗವನ್ನು ಬಾಗಿಲಿಗೆ ಮುಟ್ಟಿಸಿ ನೋಡಿ. ಬಿಸಿಯಿಲ್ಲದಿದ್ದರೆ ಸ್ವಲ್ಪವೇ ತೆರೆದು ನೋಡಿ. ಮೆಟ್ಟಿಲು ಸ್ವಚ್ಛವಾಗಿದ್ದರೆ ಇಳಿಯಿರಿ. ಬಾಗಿಲು ಬಿಸಿಯಾಗಿದ್ದರೆ, ಇಲ್ಲವೇ ಮೆಟ್ಟಿಲು ಹೊಗೆಯಿಂದ ತುಂಬಿದ್ದರೆ, ಇಳಿಯುವ ಸಾಹಸ ಬೇಡ. ಬಾಗಿಲು ಮುಚ್ಚಿ ಒಳಗೇ ಇರಿ. ಬಾಗಿಲಿನ ಅಡಿಯ ಸಂದಿಗೆ ಒದ್ದೆ ಟವೆಲು ಅಥವಾ ಚಾದರ ತುರುಕಿ. ಬೆಂಕಿಯಿಂದ ದೂರದ ಕೋಣೆಗೆ ಹೋಗಿ, ಅದರ ಬಾಗಿಲನ್ನೂ ಮುಚ್ಚಿ, ಹೊರಗಿನಿಂದ ಹೊಗೆ ಬಾರದಿದ್ದರೆ ಕಿಟಕಿ ತೆರೆದು, ಬಣ್ಣದ ಬಟ್ಟೆಯನ್ನೋ ಮೊಬೈಲಿನ ದೀಪವನ್ನೋ ಬೀಸಿ ತೋರಿಸಿ. ಎಷ್ಟನೆಯ ಮಹಡಿಯಲ್ಲಿದ್ದೀರಿ ಎಂದು ಅಗ್ನಿಶಾಮಕ ದಳಕ್ಕೆ ಫೋನ್ ಮಾಡಿ ಹೇಳಿರಿ. ಮೇಲಕ್ಕೆ, ಮಾಳಿಗೆಯ ಕಡೆಗೆ ಓಡುವ ಆಸೆ ಸಹಜ. ಆದರೆ ಹೊಗೆಯೂ ಅತ್ತಲೇ ಹೋಗುತ್ತಿದೆ, ಮಾಳಿಗೆಯ ಬಾಗಿಲಿಗೆ ಬೀಗವಿದ್ದರೆ ಅಲ್ಲಿಗೆ ಮುಗಿಯಿತು. 24 ಮೀಟರಿಗಿಂತ ಎತ್ತರದ ಕಟ್ಟಡಗಳಲ್ಲಿ ಇಂಥ ಸಮಯಕ್ಕೆಂದೇ ತೆರೆದ ಗಾಳಿಯ ಆಶ್ರಯ ಸ್ಥಳ ಇರಬೇಕೆಂದು ರಾಷ್ಟ್ರೀಯ ಕಟ್ಟಡ ಸಂಹಿತೆ ಹೇಳುತ್ತದೆ. 'ರೆಫ್ಯೂಜ್ ಏರಿಯಾ' ಎಂಬ ಫಲಕ ನೋಡಿರುತ್ತೀರಿ. ಅದು ಕ್ರಿಕೆಟ್ ಆಡುವುದಕ್ಕೂ ಅಲ್ಲ, ಸೊಸೈಟಿಯ ಗುಜರಿ ತುಂಬುವುದಕ್ಕೂ ಅಲ್ಲ.

ಬೆಂಕಿ ಹುಟ್ಟುವ ಜಾಗಗಳತ್ತ ಈಗ ಒಂದು ನೋಟ. ಮನೆಯಲ್ಲಿ ಮೊದಲನೆಯದು ಅಡುಗೆಮನೆ. ಹಪ್ಪಳ, ಚಕ್ಕುಲಿ ಕರಿಯುವ ಬಾಣಲೆಯ ಎಣ್ಣೆ ಹೊತ್ತಿಕೊಂಡರೆ ನೀರು ಹಾಕಲೇಬಾರದು. ನೀರು ಎಣ್ಣೆಗಿಂತ ಭಾರ, ತಳಕ್ಕೆ ಇಳಿಯುತ್ತದೆ. ಅಲ್ಲಿ ಕ್ಷಣಾರ್ಧದಲ್ಲಿ ಆವಿಯಾಗಿ ಸುಮಾರು 1,700 ಪಟ್ಟು ಹಿಗ್ಗಿ, ಉರಿಯುವ ಎಣ್ಣೆಯನ್ನು ಸೂರಿನವರೆಗೆ ಎರಚುತ್ತದೆ. ಒಲೆ ಆರಿಸಿ, ಒಂದು ಅಗಲವಾದ ತಟ್ಟೆಯನ್ನೋ ಮುಚ್ಚಳವನ್ನೋ ಪಕ್ಕದಿಂದ ಸರಿಸಿ ಬಾಣಲೆಯ ಮೇಲೆ ಮುಚ್ಚಿ, ತಣಿಯುವವರೆಗೆ ತೆಗೆಯಬೇಡಿ. ಗಾಳಿ ಸಿಗದೆ ಬೆಂಕಿ ತಾನೇ ಸಾಯುತ್ತದೆ.

ಗ್ಯಾಸಿನ ವಿಷಯದಲ್ಲಿ ಒಂದು ಸೂಕ್ಷ್ಮವಿದೆ. ಸಿಲಿಂಡರಿನ ಗ್ಯಾಸು ಗಾಳಿಗಿಂತ ಭಾರ, ಸೋರಿದರೆ ನೆಲದ ಮೇಲೆ ಹರಡಿ ಮೂಲೆಯಲ್ಲಿ ನಿಲ್ಲುತ್ತದೆ. ಈಚೆಗೆ ನಮ್ಮ ನಗರಗಳಲ್ಲಿ ಕೊಳವೆಯ ಮೂಲಕ ಬರುವ ನೈಸರ್ಗಿಕ ಅನಿಲ ಗಾಳಿಗಿಂತ ಹಗುರ, ಮೇಲೇರಿ ಸೂರಿನ ಕೆಳಗೆ ಸೇರುತ್ತದೆ. ಎರಡಕ್ಕೂ ಸ್ವಂತ ವಾಸನೆಯಿಲ್ಲ. ನಮಗೆ ತಿಳಿಯಲೆಂದೇ ಆ ಕೆಟ್ಟ ವಾಸನೆಯನ್ನು ಬೆರೆಸಿರುತ್ತಾರೆ. ವಾಸನೆ ಬಂದರೆ ದೀಪದ ಸ್ವಿಚ್ಚು ಹಾಕಬೇಡಿ, ಇದ್ದ ದೀಪವನ್ನು ಆರಿಸಲೂ ಬೇಡಿ. ಸ್ವಿಚ್ಚಿನೊಳಗಿನ ಸಣ್ಣ ಕಿಡಿಯೇ ಸಾಕು. ರೆಗ್ಯುಲೇಟರನ್ನೋ ಕೊಳವೆಯ ಕೀಲಿಯನ್ನೋ ಮುಚ್ಚಿ, ಕಿಟಕಿ ಬಾಗಿಲು ತೆರೆದು ಹೊರಗೆ ಬನ್ನಿ. ಸಿಲಿಂಡರಿನ ಸೋರಿಕೆಗೆ 1906 ಸಂಖ್ಯೆಗೆ ಫೋನ್ ಮಾಡಬಹುದು. ಮುಚ್ಚಿದ ಬಾಗಿಲಿನ ನಿಯಮಕ್ಕೆ ಇದೊಂದೇ ಅಪವಾದ.

ನಿಮ್ಮಲ್ಲಿ ಹಲವರ ತಂದೆಯರು ಹೋಟೆಲಿನ ಉದ್ಯಮದಲ್ಲಿದ್ದಾರೆ. ಅವರಿಗೆ ಒಂದು ಮಾತು ತಲಪಿಸಿರಿ. ಅಡುಗೆಮನೆಯ ಹೊಗೆ ಹೊರಹಾಕುವ ಕೊಳವೆಯೊಳಗೆ ದಿನದಿನವೂ ಜಿಡ್ಡು ಅಂಟಿಕೊಳ್ಳುತ್ತದೆ. ಒಲೆಯ ಜ್ವಾಲೆ ಒಮ್ಮೆ ಅದನ್ನು ಮುಟ್ಟಿದರೆ ಇಡೀ ಕೊಳವೆ ಉರಿಯುತ್ತ ಮೇಲಿನ ಮಹಡಿಯವರೆಗೆ ಬೆಂಕಿಯನ್ನು ಒಯ್ಯುತ್ತದೆ. ಅದನ್ನು ಕಾಲಕಾಲಕ್ಕೆ ಕೆರೆದು ಶುಚಿ ಮಾಡಿಸುವುದು, ಕೆಲಸದ ಹುಡುಗರು ರಾತ್ರಿ ಮಲಗುವ ಜಾಗಕ್ಕೆ ಹೊರಗಿನಿಂದ ಬೀಗ ಹಾಕದಿರುವುದು, ಇವೆರಡೂ ಖರ್ಚಿನ ಕೆಲಸಗಳಲ್ಲ.

ವಿದ್ಯುತ್ತಿನ ಮಾತು ನಿಮಗೆ ಗೊತ್ತಿದ್ದದ್ದೇ, ಆದರೂ ಹೇಳುತ್ತೇನೆ. ಮನೆ ಹಳೆಯದು, ಯಂತ್ರಗಳು ಹೊಸವು. ಫ್ಯಾನು, ದೀಪಗಳಿಗೆಂದು ಹಾಕಿದ ತಂತಿಯ ಮೇಲೆ ಇಂದು ಏಸಿ, ಗೀಸರು, ಮೈಕ್ರೋವೇವಿನ ಭಾರ ಬಿದ್ದಿದೆ. ತಂತಿ ಗೋಡೆಯೊಳಗೆ ಕಾಯುತ್ತದೆ, ನಮಗೆ ಕಾಣುವುದಿಲ್ಲ. ಹೆಚ್ಚು ವಿದ್ಯುತ್ತು ಎಳೆಯುವ ಯಂತ್ರಗಳಿಗೆ 16 ಆಂಪಿಯರಿನ ಪ್ರತ್ಯೇಕ ಸಾಕೆಟ್ಟೂ ತಕ್ಕ ದಪ್ಪದ ತಂತಿಯೂ ಬೇಕು. ಎಕ್ಸ್‌ಟೆನ್ಷನ್ ಬೋರ್ಡು ತಾತ್ಕಾಲಿಕ ಉಪಾಯವೇ ಹೊರತು ಕಾಯಂ ವ್ಯವಸ್ಥೆಯಲ್ಲ. ಎಂಸಿಬಿ ಪದೇ ಪದೇ ಬೀಳುತ್ತಿದ್ದರೆ ಅದನ್ನು ಬೈಯಬೇಡಿ. ಅದು ಎಚ್ಚರಿಕೆ ಹೇಳುತ್ತಿದೆ. ಇನ್ನೂ ದೊಡ್ಡ ಎಂಸಿಬಿ ಹಾಕಿಸಿ ಅದರ ಬಾಯಿ ಮುಚ್ಚಿಸುವುದು ಅಪಾಯ.

ಮೆಟ್ಟಿಲಿನ ಬಳಿ ನೇತುಹಾಕಿರುವ ಕೆಂಪು ಸಿಲಿಂಡರನ್ನು ದಿನವೂ ನೋಡುತ್ತೀರಿ. ಅದನ್ನು ಬಳಸಲು ಬರುತ್ತದೆಯೇ? ಕ್ರಮ ಸುಲಭ. ಪಿನ್ನನ್ನು ಎಳೆಯಿರಿ, ಮೂತಿಯನ್ನು ಜ್ವಾಲೆಯ ತುದಿಗಲ್ಲ, ಬುಡಕ್ಕೆ ಗುರಿಯಿಡಿ, ಹಿಡಿಯನ್ನು ಒತ್ತಿ, ಎಡಕ್ಕೂ ಬಲಕ್ಕೂ ಬೀಸಿರಿ. ಎರಡು ಮೂರು ಮೀಟರ್ ದೂರದಲ್ಲಿ ನಿಲ್ಲಿ, ಹೊರಬಾಗಿಲು ನಿಮ್ಮ ಬೆನ್ನ ಹಿಂದೆ ಇರಲಿ. ಒಂದು ಸಿಲಿಂಡರು ಅರ್ಧ ನಿಮಿಷವೂ ಬಾರದು. ಆದುದರಿಂದ ಅದು ಕಸದ ಬುಟ್ಟಿಯಷ್ಟು ದೊಡ್ಡ ಬೆಂಕಿಗೆ ಮಾತ್ರ. ಎ, ಬಿ, ಸಿ ಎಂದು ಬರೆದ ಪುಡಿಯ ಸಿಲಿಂಡರು ಕಟ್ಟಿಗೆ, ಕಾಗದದ ಬೆಂಕಿಗೂ, ಪೆಟ್ರೋಲಿನಂಥ ದ್ರವದ ಬೆಂಕಿಗೂ, ಗ್ಯಾಸಿನ ಬೆಂಕಿಗೂ ಸಲ್ಲುತ್ತದೆ. ಒತ್ತಡ ತೋರಿಸುವ ಗಡಿಯಾರದ ಮುಳ್ಳು ಹಸಿರು ಭಾಗದಲ್ಲಿದೆಯೇ ಎಂದು ಇಂದೇ ನೋಡಿ. ಹಾಗೆಯೇ ಗೋಡೆಯ ಮೇಲಿನ ಕೆಂಪು ಪೆಟ್ಟಿಗೆಯನ್ನು ತೆರೆದು ನೋಡಿ. ಒಳಗೆ ಮಡಿಸಿದ ಕೊಳವೆಯೂ ಅದರ ತುದಿಯ ಹಿತ್ತಾಳೆಯ ಮೂತಿಯೂ ಇವೆಯೇ, ಅಥವಾ ಗುಜರಿ ಅಂಗಡಿ ಸೇರಿವೆಯೇ? ಹೊಸ ಕಟ್ಟಡವಾದರೆ ಸೂರಿನಲ್ಲಿ ಸ್ಪ್ರಿಂಕ್ಲರುಗಳಿರುತ್ತವೆ. ಸಿನಿಮಾಗಳಲ್ಲಿ ತೋರಿಸುವಂತೆ ಅವೆಲ್ಲ ಒಟ್ಟಿಗೆ ಮಳೆ ಸುರಿಸುವುದಿಲ್ಲ. ಪ್ರತಿಯೊಂದರಲ್ಲಿಯೂ ಪುಟ್ಟ ಗಾಜಿನ ಕೊಳವೆಯಿದೆ. ಸಾಮಾನ್ಯವಾಗಿ ಬಳಸುವ ಕೆಂಪು ಕೊಳವೆ 68 ಡಿಗ್ರಿ ಸೆಲ್ಸಿಯಸ್ ಶಾಖಕ್ಕೆ ಒಡೆಯುತ್ತದೆ, ಒಡೆದದ್ದು ಮಾತ್ರ ನೀರು ಬಿಡುತ್ತದೆ. ಅದಕ್ಕೆ ಬಣ್ಣ ಬಳಿಯುವುದು, ತೋರಣ ಕಟ್ಟುವುದು ಮಾಡಬಾರದು.

ಇದೆಲ್ಲ ಯಾರ ಜವಾಬ್ದಾರಿ ಎಂದು ಕೇಳಬಹುದು. ಮಹಾರಾಷ್ಟ್ರದಲ್ಲಿ 2006ರ ಅಗ್ನಿ ತಡೆ ಮತ್ತು ಜೀವರಕ್ಷಣಾ ಕಾಯಿದೆಯ ಪ್ರಕಾರ ಕಟ್ಟಡದ ಮಾಲೀಕರು ಮತ್ತು ವಾಸಿಸುವವರೇ ಈ ಸಾಧನಗಳನ್ನು ಸುಸ್ಥಿತಿಯಲ್ಲಿಡಬೇಕು. ಪರವಾನಗಿ ಪಡೆದ ಸಂಸ್ಥೆಯಿಂದ ವರ್ಷಕ್ಕೆರಡು ಬಾರಿ, ಜನವರಿ ಮತ್ತು ಜುಲೈ ತಿಂಗಳಲ್ಲಿ, ಪ್ರಮಾಣಪತ್ರ ಪಡೆದು ಸಲ್ಲಿಸಬೇಕು. ನಿಮ್ಮ ಸೊಸೈಟಿಯ ಮುಂದಿನ ಸಭೆಗೆ ತಂದೆಯವರ ಜೊತೆ ಹೋಗಿ, ಈ ಬಾರಿಯ ಪ್ರಮಾಣಪತ್ರ ಎಲ್ಲಿ ಎಂದು ವಿನಯದಿಂದ ಕೇಳಿರಿ. ಪಾರ್ಕಿಂಗಿನ ಜಗಳದ ನಡುವೆ ಈ ಪ್ರಶ್ನೆಗೂ ಐದು ನಿಮಿಷ ಸಿಗಲಿ. ಪಾರ್ಕಿಂಗಿಗೂ ಇದಕ್ಕೂ ಸಂಬಂಧವಿದೆ. ಗೇಟಿನಲ್ಲಿ ಅಡ್ಡ ನಿಂತ ಕಾರು ಅಗ್ನಿಶಾಮಕ ವಾಹನವನ್ನು ಬೀದಿಯಲ್ಲಿಯೇ ನಿಲ್ಲಿಸುತ್ತದೆ.

ನಮ್ಮ ಸಂಘಕ್ಕೂ ಈ ಮಾತು ಹೊರತಲ್ಲ. ರಾಜ್ಯೋತ್ಸವದ ದಿನ, ಯಕ್ಷಗಾನದ ದಿನ ಸಭಾಗೃಹ ಕಿಕ್ಕಿರಿಯುವುದು ನಮಗೆಲ್ಲ ಹೆಮ್ಮೆ. ಜನ ಹೆಚ್ಚಾದಂತೆ ನಡುವಿನ ಹಾದಿಯಲ್ಲಿ ಕುರ್ಚಿ, ಬಾಗಿಲ ಬಳಿ ಬೆಂಚು, ಪಕ್ಕದ ಬಾಗಿಲಿಗೆ ಊಟದ ಮೇಜು ಅಡ್ಡ. ವೇದಿಕೆಯ ಮೇಲೆ ದೀಪಸ್ತಂಭ, ಅದರ ಹಿಂದೆಯೇ ತೆಳು ಬಟ್ಟೆಯ ಪರದೆ. ಉಪಹಾರ್ ಬಾಲ್ಕನಿಯಲ್ಲಿ ಹೆಚ್ಚುವರಿಯಾಗಿ ಹಾಕಿದ್ದೂ ಕುರ್ಚಿಗಳೇ. ಬಂದ ನೆಂಟರನ್ನು ಹಿಂದಕ್ಕೆ ಕಳಿಸುವುದು ಕಷ್ಟವೆಂದು ಕಾರ್ಯಕರ್ತರು ಹೇಳಬಹುದು. ಅವರನ್ನು ಗೋಡೆಯ ಪಕ್ಕ ನಿಲ್ಲಿಸಿದರೂ ಚಿಂತೆಯಿಲ್ಲ, ಹಾದಿಯಲ್ಲಿ ಕೂರಿಸಬೇಡಿ. ಸ್ವಯಂಸೇವಕರಾಗಿ ಬ್ಯಾಡ್ಜು ಧರಿಸುವ ನಿಮ್ಮಲ್ಲಿ ಇಬ್ಬರು ಇದೊಂದೇ ಕೆಲಸಕ್ಕೆ ನಿಲ್ಲಿರಿ. ಕಾರ್ಯಕ್ರಮದ ಆರಂಭದಲ್ಲಿ ನಿರೂಪಕರು ಹೊರದಾರಿಗಳು ಎಲ್ಲೆಲ್ಲಿವೆ ಎಂದು ಅರ್ಧ ನಿಮಿಷ ಹೇಳಲಿ. ಸ್ವಾಗತ ಭಾಷಣದಿಂದ ಅರ್ಧ ನಿಮಿಷ ಕಡಿತವಾದರೆ ಯಾರೂ ಬೇಸರಪಡಲಾರರು.

ಮುಂಬಯಿಯವರಿಗೆ ಏಪ್ರಿಲ್ 14ರ ನೆನಪಿರಲಿ. 1944ರಲ್ಲಿ ಆ ದಿನ ವಿಕ್ಟೋರಿಯಾ ಡಾಕಿನಲ್ಲಿ ಹತ್ತಿ ಮತ್ತು ಸ್ಫೋಟಕಗಳನ್ನು ತುಂಬಿದ್ದ ಫೋರ್ಟ್ ಸ್ಟಿಕೀನ್ ಎಂಬ ಹಡಗು ಬೆಂಕಿ ಹೊತ್ತಿ ಸಿಡಿಯಿತು. ಬೆಂಕಿ ಆರಿಸಲು ಹೋಗಿದ್ದ 66 ಮಂದಿ ಅಗ್ನಿಶಾಮಕ ಸಿಬ್ಬಂದಿ ಮಡಿದರು. ಅವರ ಸ್ಮರಣೆಯಲ್ಲಿ ದೇಶದಾದ್ಯಂತ ಏಪ್ರಿಲ್ 14ರಿಂದ 20ರವರೆಗೆ ಅಗ್ನಿಶಾಮಕ ಸೇವಾ ಸಪ್ತಾಹ ನಡೆಯುತ್ತದೆ. ಆ ವಾರ ದಳದವರು ಪ್ರಾತ್ಯಕ್ಷಿಕೆಗಳನ್ನು ತೋರಿಸುತ್ತಾರೆ. ಸಂಘದ ಯುವ ವಿಭಾಗ ಒಂದು ಪತ್ರ ಬರೆದು ಅವರನ್ನು ನಮ್ಮಲ್ಲಿಗೆ ಆಹ್ವಾನಿಸಬಾರದೇಕೆ?

ಕಡೆಯದಾಗಿ ನಿಮ್ಮ ಮನೆಯಲ್ಲಿರುವ ಅಜ್ಜಿಯ ಮಾತು. ಮಧ್ಯಾಹ್ನ ನೀವು ಕಾಲೇಜಿನಲ್ಲಿ, ಅಪ್ಪ ಅಮ್ಮ ಕೆಲಸದಲ್ಲಿ. ಊರಿನಿಂದ ಬಂದ ಅಜ್ಜಿ ಒಬ್ಬರೇ ಮನೆಯಲ್ಲಿ. ಅವರಿಗೆ ಮರಾಠಿ ಬಾರದು, ಹಿಂದಿ ಅಷ್ಟಕ್ಕಷ್ಟೆ. ಯಾರೋ ಬಂದು ಬೆಲ್ಲು ಒತ್ತಿಯಾರೆಂಬ ಭಯಕ್ಕೆ ನಾವು ಹೊರಗಿನಿಂದ ಬೀಗ ಹಾಕಿಕೊಂಡು ಹೋಗುತ್ತೇವೆ. ಕಳ್ಳರಿಂದ ಕಾಪಾಡುವ ಆ ಬೀಗವೇ ಬೆಂಕಿಯ ದಿನ ಅವರನ್ನು ಸೆರೆಯಲ್ಲಿಡುತ್ತದೆ. ಒಳಗಿನಿಂದ ಕೀಲಿಯಿಲ್ಲದೆ ತೆರೆಯಬಹುದಾದ ಲಾಕು ಹಾಕಿಸಲು ತಂದೆಗೆ ಹೇಳಿರಿ. ಕಿಟಕಿಯ ಕಬ್ಬಿಣದ ಗ್ರಿಲ್ಲಿನಲ್ಲಿ ಒಂದು ತೆರೆಯುವ ಭಾಗವಿರಲಿ, ಅದರ ಕೀಲಿ ಕೈಗೆಟಕುವಲ್ಲಿ ತೂಗುತ್ತಿರಲಿ. ಪಕ್ಕದ ಮನೆಯವರ ಬಳಿ ಮನೆಯ ಇನ್ನೊಂದು ಕೀಲಿ ಇರಲಿ. ಫೋನಿನ ಪಕ್ಕ ದೊಡ್ಡ ಅಕ್ಷರಗಳಲ್ಲಿ 101 ಎಂದು ಬರೆದು, ವಿಳಾಸವನ್ನು ಸ್ಥಳೀಯ ಭಾಷೆಯ ಮಾತಿನಲ್ಲಿ, ಆದರೆ ಕನ್ನಡ ಲಿಪಿಯಲ್ಲಿ ಬರೆದಂಟಿಸಿರಿ. "ಆಗ್ ಲಗೀ ಹೈ, ತೀಸರೀ ಮಂಜಿಲ್" ಎಂದು ಅವರಿಂದ ಎರಡು ಸಲ ಹೇಳಿಸಿರಿ. ಅಜ್ಜಿ ನಕ್ಕಾರು, ನಗಲಿ. ಎರಡೂ ಭಾಷೆ ಬಲ್ಲವರು ಆ ಮನೆಯಲ್ಲಿ ನೀವೇ ಆದುದರಿಂದ ಈ ಕೆಲಸ ಬೇರೆ ಯಾರಿಂದಲೂ ಆಗದು. ಕನ್ನಡ ಓದಲು ಬರೆಯಲು ಕಲಿತು ಏನು ಉಪಯೋಗ ಎಂದು ನಿಮ್ಮಲ್ಲಿ ಕೆಲವರು ಕೇಳುವುದುಂಟು. ಇದೂ ಒಂದು ಉಪಯೋಗ.

ಈ ಭಾನುವಾರ ಹತ್ತು ನಿಮಿಷ ಬಿಡುವು ಮಾಡಿಕೊಳ್ಳಿ. ಮನೆಯವರೆಲ್ಲರನ್ನೂ ಕರೆದುಕೊಂಡು, ಅಜ್ಜಿಯ ಕೈಹಿಡಿದು, ಮನೆಯ ಬಾಗಿಲಿನಿಂದ ಬೀದಿಯವರೆಗೆ ಮೆಟ್ಟಿಲಿನಲ್ಲಿಯೇ ಇಳಿಯಿರಿ. ಎಷ್ಟು ನಿಮಿಷ ಹಿಡಿಯಿತೆಂದು ನೋಡಿ. ದಾರಿಯಲ್ಲಿ ಏನೇನು ಅಡ್ಡ ಬಂತೆಂದು ಬರೆದುಕೊಳ್ಳಿ. ಅದರಲ್ಲಿ ನಿಮ್ಮದೇ ಸೈಕಲ್ಲು, ನಿಮ್ಮದೇ ಚಪ್ಪಲಿಯ ಗೂಡು ಇದ್ದರೆ ಮೊದಲು ಅದನ್ನು ಸರಿಸಿ, ಆಮೇಲೆ ನೆರೆಯವರ ಬಾಗಿಲು ತಟ್ಟಿ. ಪಟ್ಟಿಯನ್ನು ನಮಗೂ ಕಳುಹಿಸಿರಿ. ಬಂದ ಪತ್ರಗಳಲ್ಲಿ ಆಯ್ದವನ್ನು ಮುಂದಿನ ಸಂಚಿಕೆಯಲ್ಲಿ ಇದೇ ಪುಟದಲ್ಲಿ ನೋಡೋಣ.